ಹದಿಹರೆಯದ ಕಾದಂಬರಿಗೊಂದು ಓದುಕೂಟ: ಎಂಟು ಜನ, ನಾಲ್ಕು ಪ್ರತಿ

ಅಂಗಡಿಯ ಕಪಾಟಿನಲ್ಲಿ 'ಯಂಗ್ ಅಡಲ್ಟ್' ಎಂದು ಬರೆದಿರುವ ಕಾದಂಬರಿಗಳನ್ನು ಹೈಸ್ಕೂಲು, ಪಿಯುಸಿ ಮಕ್ಕಳು ಒಬ್ಬೊಬ್ಬರೇ ಓದಿ ಮುಗಿಸುತ್ತಾರೆ. ಆಮೇಲೆ ಮಾತಾಡಲು ಜೊತೆ ಇರುವುದಿಲ್ಲ. ಬಡಾವಣೆಯ ಗ್ರಂಥಾಲಯದಲ್ಲೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ಓದುಕೂಟ ಶುರು ಮಾಡುವುದು ಸುಲಭ. ಅದು ಎರಡನೇ ತಿಂಗಳು ದಾಟುವುದೇ ಕಷ್ಟ. ಪ್ರತಿ ಸಾಲದೆ, ಪುಟದ ಲೆಕ್ಕ ತಪ್ಪಿ, ಇಲ್ಲವೇ ದೊಡ್ಡವರ ಉಪದೇಶ ಹೆಚ್ಚಾಗಿ ಅದು ನಿಂತುಹೋಗುತ್ತದೆ.

ಎಂಟು ಜನ ಸಾಕು. ಹನ್ನೆರಡು ದಾಟಿದರೆ ಮೂವರು ಮಾತಾಡುತ್ತಾರೆ, ಉಳಿದವರು ಮೊಬೈಲು ನೋಡುತ್ತಾರೆ. ವಯಸ್ಸಿನ ಅಂತರ ಮೂರು ವರ್ಷ ಮೀರದಿರಲಿ. ಈ ಬಗೆಯ ಕಾದಂಬರಿಯ ನಾಯಕಿ ಸಾಮಾನ್ಯವಾಗಿ ಹದಿನಾರು–ಹದಿನೇಳರವಳು, ಓದುವವರು ಅವಳಿಗಿಂತ ಎರಡು ವರ್ಷ ಚಿಕ್ಕವರು. ಹದಿಮೂರರ ಹುಡುಗನಿಗೆ ರೋಚಕವಾದದ್ದು ಹದಿನೆಂಟರವಳಿಗೆ ಬಾಲಿಶ ಎನಿಸಬಹುದು.

ಮೊದಲ ಪುಸ್ತಕ ಒಂದೇ ಸಂಪುಟದಲ್ಲಿ ಮುಗಿಯಬೇಕು. ಮೂರು ಭಾಗದ ಸರಣಿಯ ಮೊದಲನೆಯದನ್ನು ಹಿಡಿದರೆ ಇಬ್ಬರು ಮುಂದಿನ ಭಾಗಕ್ಕೆ ಓಡುತ್ತಾರೆ, ಬಾಯಿಬಿಟ್ಟು ಉಳಿದವರ ಓದನ್ನು ಕೆಡಿಸುತ್ತಾರೆ. ಗಾತ್ರ 250–300 ಪುಟ. ಫ್ಯಾಂಟಸಿ ಇದರ ಎರಡರಷ್ಟು ಆಗುವುದುಂಟು, ಅದನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ಇಂಗ್ಲಿಷ್ ಓದು ನಿಧಾನವಿರುವವರು ಹೆಚ್ಚಿದ್ದರೆ ಪದ್ಯರೂಪದ ಕಾದಂಬರಿ ಆರಿಸಿ: ಪುಟ ಮುನ್ನೂರಿದ್ದರೂ ಪುಟಕ್ಕೆ ಸಾಲುಗಳು ಕಡಿಮೆ, ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ, ದಪ್ಪ ಪುಸ್ತಕ ಓದಿದ ಗತ್ತೂ ಸಿಗುತ್ತದೆ. ಯಾವುದರಿಂದ ಶುರು ಮಾಡುವುದೆಂದು ತೋಚದಿದ್ದರೆ ಅಮೆರಿಕದಲ್ಲಿ 2000ದಿಂದ ಕೊಡುತ್ತಿರುವ ಪ್ರಿಂಟ್ಜ್ ಪ್ರಶಸ್ತಿಯ ಪಟ್ಟಿ ನೋಡಿ. ಅದು ಸಾಹಿತ್ಯದ ಗುಣ ನೋಡಿ ಕೊಡುವ ಪ್ರಶಸ್ತಿ. ಹಾಗಾಗಿ ಅಲ್ಲಿರುವುದೆಲ್ಲ ಓಡಿಸಿಕೊಂಡು ಹೋಗುವ ಕಥೆಯೇ ಎಂದುಕೊಳ್ಳಬೇಡಿ. ಕನ್ನಡದಲ್ಲೇ ಬೇಕೆಂದರೆ ನಾ. ಡಿಸೋಜರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ತಂದ 'ಮುಳುಗಡೆಯ ಊರಿಗೆ ಬಂದವರು' ಒಳ್ಳೆಯ ಆರಂಭ.

ಕೊಳ್ಳುವ ಮುನ್ನ ಶೀರ್ಷಿಕೆ ಪುಟದ ಹಿಂಬದಿ ತಿರುಗಿಸಿ. ಅಮೆರಿಕದ ಮುದ್ರಣವಾದರೆ ಹಕ್ಕುಸ್ವಾಮ್ಯದ ವಿವರದ ಜೊತೆ 'ಸಮ್ಮರಿ' ಎಂದು ಒಂದೆರಡು ಸಾಲಿನ ಕಥಾಸಾರ, ಹೊಸ ಪುಸ್ತಕಗಳಲ್ಲಿ 'ಆಡಿಯೆನ್ಸ್' ಎಂದು ವಯಸ್ಸೋ ತರಗತಿಯೋ ಇರುವುದುಂಟು. ರಕ್ಷಾಪುಟದ ಹೊಗಳಿಕೆಗಿಂತ ಆ ಎರಡು ಸಾಲು ನಂಬಿಕೆಗೆ ಅರ್ಹ. ಮುಖ್ಯ ತಿರುವನ್ನೂ ಅಲ್ಲೇ ಹೇಳಿಬಿಡಬಹುದಾದ್ದರಿಂದ ಆಯೋಜಕರು ಮಾತ್ರ ಓದಲಿ. 'ನ್ಯೂ ಅಡಲ್ಟ್' ಎಂಬ ಬೇರೊಂದು ವರ್ಗವಿದೆ. ಮುಖಪುಟಗಳು ಒಂದೇ ಥರ, ಕಪಾಟೂ ಕೆಲವೆಡೆ ಒಂದೇ. ಅಲ್ಲಿನ ಪಾತ್ರಗಳು ಹದಿನೆಂಟು ದಾಟಿದವರು, ಶಯ್ಯಾಗೃಹದ ದೃಶ್ಯಗಳು ಬಿಚ್ಚುನುಡಿಯವು. ಇದು ಗೊತ್ತಾಗದೆ ತಂದು ಆಮೇಲೆ ಪೋಷಕರ ಮುಂದೆ ತಡವರಿಸುವುದು ಬೇಡ.

ಫುಟ್‌ಪಾತಿನ ಅಗ್ಗದ ನಕಲು ಪ್ರತಿಗಳಲ್ಲಿ ಎಷ್ಟೋ ಸಲ ಪುಟಗಳೇ ಇರುವುದಿಲ್ಲ. ಹಾಳೆಗಳನ್ನು ಸಾಮಾನ್ಯವಾಗಿ ಹದಿನಾರು ಪುಟದ ಮಡಿಕೆಗಳಾಗಿ ಜೋಡಿಸುವುದರಿಂದ ಒಂದು ಮಡಿಕೆ ತಪ್ಪಿದರೆ 112 ಆದಮೇಲೆ 129 ಬರುತ್ತದೆ. ಹೆಬ್ಬೆರಳಲ್ಲಿ ಪುಟಸಂಖ್ಯೆ ಸರಿಸಿ ನೋಡಿ. ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಅಸಲು ಪ್ರತಿಯನ್ನೇ ಕಡಿಮೆ ಬೆಲೆಗೆ ಹುಡುಕಬಹುದು. ಆದರೆ ಅಮೆರಿಕದ ಮತ್ತು ಬ್ರಿಟನ್ನಿನ ಆವೃತ್ತಿಗಳ ಪುಟಸಂಖ್ಯೆ ಹೊಂದುವುದಿಲ್ಲ. ಬೇರೆಬೇರೆ ಆವೃತ್ತಿ ಸೇರಿಕೊಂಡಿದ್ದರೆ 'ಪುಟ 70ರವರೆಗೆ' ಎನ್ನದೆ 'ಒಂಬತ್ತನೇ ಅಧ್ಯಾಯದ ಕೊನೆವರೆಗೆ' ಎಂದು ಗೊತ್ತುಮಾಡಿ.

ಎಂಟು ಜನಕ್ಕೆ ನಾಲ್ಕು ಪ್ರತಿ ಸಾಕು, ಇಬ್ಬಿಬ್ಬರಿಗೆ ಒಂದರಂತೆ. 280 ಪುಟದ ಕಾದಂಬರಿಯಾದರೆ ವಾರಕ್ಕೆ 70, ನಾಲ್ಕು ವಾರ. ಬೇಗ ಓದುವವರನ್ನು ನಿಧಾನಸ್ಥರ ಜೊತೆ ಜೋಡಿಸಿ, ಪುಸ್ತಕವನ್ನು ಮೊದಲು ಬೇಗ ಓದುವವರಿಗೇ ಕೊಡಿ. ಅವರು ಸೋಮವಾರ, ಮಂಗಳವಾರ ದಿನಕ್ಕೆ 35 ಪುಟ ಓದಿ ಬುಧವಾರ ಬೆಳಿಗ್ಗೆ ದಾಟಿಸಬೇಕು. ಇನ್ನೊಬ್ಬರಿಗೆ ಶನಿವಾರದವರೆಗೆ ನಾಲ್ಕು ದಿನ ಸಿಗುತ್ತದೆ, ದಿನಕ್ಕೆ 17–18 ಪುಟ. ಭಾನುವಾರ ಕೂರುವಾಗ ನಿಧಾನಸ್ಥರಿಗೇ ಕಥೆ ಹಸಿಯಾಗಿ ನೆನಪಿರುತ್ತದೆ, ಮಾತಿನಲ್ಲಿ ಹಿಂದೆ ಬೀಳುವುದಿಲ್ಲ. ಇದನ್ನು ತಿರುಗುಮುರುಗು ಮಾಡಿದರೆ ಬುಧವಾರ ಪುಸ್ತಕ ಕೈಬದಲಾಗುವುದೇ ಇಲ್ಲ. ಪ್ರತಿ ವಾರದ ಗಡಿಯಲ್ಲಿ ಒಂದು ರಬ್ಬರ್‌ಬ್ಯಾಂಡ್ ಹಾಕಿ ಉಳಿದ ಪುಟಗಳನ್ನು ಕಟ್ಟಿಬಿಡಿ. ಕದ್ದು ಓದುವವರು ಓದೇ ಓದುತ್ತಾರೆ, ಆದರೆ ಬಾಯಿಬಿಡುವ ಮುಂಚೆ ಒಮ್ಮೆ ಯೋಚಿಸುತ್ತಾರೆ.

ಕೂರುವುದು ಒಂದು ಗಂಟೆ ಸಾಕು. ಪುಸ್ತಕ ಇಂಗ್ಲಿಷಿನದಾದರೂ ಮಾತು ಕನ್ನಡದಲ್ಲೇ ನಡೆಯಲಿ. ಸಾಲು ಓದುವಾಗ ಮಾತ್ರ ಇಂಗ್ಲಿಷ್. 'ಇದರಿಂದ ಏನು ನೀತಿ ಕಲಿತಿರಿ' ಎಂದು ಕೇಳಿದ ಕೂಡಲೇ ಅದು ಶಾಲೆಯಾಗುತ್ತದೆ. ಪುಟ ತೆರೆಸುವಂಥ ಪ್ರಶ್ನೆ ಕೇಳಿ: ಓದುವುದನ್ನು ನಿಲ್ಲಿಸೋಣ ಅನ್ನಿಸಿದ್ದು ಎಲ್ಲಿ? ಕಥೆ ಹೇಳುವ ಹುಡುಗಿ ನಮಗೇ ಸುಳ್ಳು ಹೇಳಿದ್ದು ಯಾವಾಗ, ತೋರಿಸಿ. ಈ ಕಾದಂಬರಿಗಳಲ್ಲಿ ಹೆಚ್ಚಿನವು 'ನಾನು' ಎಂದೇ ಸಾಗುವುದರಿಂದ ಎರಡನೇ ಪ್ರಶ್ನೆಗೆ ಅರ್ಧ ಗಂಟೆ ಹೋಗಬಹುದು, ಹೋಗಲಿ. ಅಮೆರಿಕದ ಹೈಸ್ಕೂಲು ಒಂಬತ್ತರಿಂದ ಹನ್ನೆರಡನೇ ತರಗತಿ. ಫ್ರೆಶ್‌ಮನ್, ಸೋಫೋಮೋರ್, ಜೂನಿಯರ್, ಸೀನಿಯರ್ ಎಂದರೆ ನಮ್ಮ ಒಂಬತ್ತು, ಹತ್ತು, ಮೊದಲ ಮತ್ತು ಎರಡನೇ ಪಿಯು. ಇಂಥ ಹದಿನೈದು ಪದಗಳ ಚೀಟಿ ಮೊದಲ ವಾರವೇ ಕೊಡಿ.

ಆಯೋಜಕರು ಇಡೀ ಪುಸ್ತಕ ಮೊದಲೇ ಓದಿರಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಆತ್ಮಹತ್ಯೆ, ದೌರ್ಜನ್ಯ, ಮಾದಕ ವಸ್ತು ಈ ಸಾಹಿತ್ಯದಲ್ಲಿ ಸಾಮಾನ್ಯ. ಇದ್ದರೆ ಸದಸ್ಯರಿಗೂ ಪೋಷಕರಿಗೂ ಮುಂಚೆಯೇ ತಿಳಿಸಿ. ಚರ್ಚೆಯ ನಡುವೆ ಯಾರಾದರೂ ಪಾತ್ರವನ್ನು ಬಿಟ್ಟು ತಮ್ಮ ಕಥೆಯನ್ನೇ ಹೇಳತೊಡಗಿದರೆ ಗುಂಪಿನಲ್ಲಿ ಕೆದಕದೆ, ಮುಗಿದಮೇಲೆ ಒಬ್ಬರೇ ಕೂತು ಕೇಳಿ. ಟೆಲಿ ಮಾನಸ್ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿರಲಿ.

ಮುಂದಿನ ಪುಸ್ತಕವನ್ನು ಸದಸ್ಯರೇ ಆರಿಸಲಿ. ನೀವು ಓದಿ ನೋಡಿದ ಮೂರನ್ನು ಮುಂದಿಡಿ, ಒಂದೊಂದರ ಮೊದಲ ಎರಡು ಪುಟ ಗಟ್ಟಿಯಾಗಿ ಓದಿಸಿ, ಆಮೇಲೆ ಚೀಟಿಯಲ್ಲಿ ಮತ ಹಾಕಿಸಿ. ಕೈ ಎತ್ತಿಸಿದರೆ ಗೆಳೆಯರ ಕೈ ನೋಡಿ ಎತ್ತುತ್ತಾರೆ. ಜೂನ್‌ನಲ್ಲಿ ಶುರು ಮಾಡಿ, ಎಸ್ಸೆಸ್ಸೆಲ್ಸಿ ಮತ್ತು ಪಿಯು ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಾಗ ನೀವಾಗಿಯೇ ನಿಲ್ಲಿಸಿ, ಏಪ್ರಿಲ್‌ನಲ್ಲಿ ಮತ್ತೆ ಕೂರುವ ತಾರೀಖನ್ನು ಆಗಲೇ ಹೇಳಿಬಿಡಿ.