ಮನೆ ಪ್ಲಾನ್ ಫೈಲು, ವರ್ಷನ್ನು, ಬ್ಯಾಕಪ್ಪು: ನನ್ನ ಅನುಭವ

ಪ್ಲಾನ್ ಫೈಲುಗಳಿಗೆ ಅಕ್ಷರ ಹಾಕುವ ನನ್ನ ಪದ್ಧತಿ ನೋಡಿ ನಕ್ಕವರು ಬಹಳ ಜನ. ‘ಇದೆಲ್ಲ ಬೆಂಗಳೂರಿನ ದೊಡ್ಡ ಆಫೀಸಿಗೆ ಸರಿ, ಒಂದು ರೂಮಿನ ಅಂಗಡಿಗೆ ಯಾಕ್ರೀ’ ಅಂದವರೇ ಈಗ ಫೋನ್ ಮಾಡಿ ಫೋಲ್ಡರ್ ಹೇಗೆ ಮಾಡೋದು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ನಮ್ಮದು ಶಿವಮೊಗ್ಗದಲ್ಲಿ ಚಿಕ್ಕ ಆಫೀಸು. ನಾನು, ಒಬ್ಬ ಡ್ರಾಫ್ಟಿಂಗ್ ಹುಡುಗ. ಪ್ಲಾನಿಗೆ ಆಟೊಕ್ಯಾಡ್, ಎಲಿವೇಶನ್ನಿಗೆ (ಮನೆಯ ಹೊರನೋಟಕ್ಕೆ) ಸ್ಕೆಚಪ್. ವರ್ಷಕ್ಕೆ ಮೂವತ್ತು ನಲವತ್ತು ಮನೆ ಬರುತ್ತವೆ. ಹೆಚ್ಚಿನವು 30-40 ಸೈಟು, ಹತ್ತು ಹನ್ನೆರಡು ಚದರದ ಕೆಲಸ. ಸಾಫ್ಟ್‌ವೇರ್ ಗೊತ್ತಿದ್ದವರಿಗೆ ಇದನ್ನು ಬರೆಯುತ್ತಿದ್ದೇನೆ. ಲೇಯರ್ ಅಂದ್ರೇನು ಅಂತ ಕೇಳೋರಿಗೆ ಇದು ಉಪಯೋಗಕ್ಕೆ ಬರಲ್ಲ.

ಒಂದು ಮನೆಯ ಪ್ಲಾನು ಎಷ್ಟು ಸಲ ತಿರುಗುತ್ತೆ ಅಂತ ನಿಮಗೂ ಗೊತ್ತು. ಮೊದಲು ಯಜಮಾನರು ಒಪ್ಪುತ್ತಾರೆ. ಆಮೇಲೆ ಮನೆಯಮ್ಮ ಬಂದು ಅಡುಗೆಮನೆ ಸಣ್ಣದಾಯಿತು ಅನ್ನುತ್ತಾರೆ. ಅದು ಸರಿಮಾಡಿದ ಮೇಲೆ ವಾಸ್ತುದವರು ಮೆಟ್ಟಿಲು ಈಶಾನ್ಯಕ್ಕೆ ಬಂತು, ಬೇಡ ಅನ್ನುತ್ತಾರೆ. ಕೊನೆಗೆ ದುಬೈನಲ್ಲಿರೋ ತಮ್ಮ ವಿಡಿಯೊ ಕಾಲ್‌ನಲ್ಲಿ ಪೋರ್ಟಿಕೊದಲ್ಲಿ ದೊಡ್ಡ ಕಾರು ಹಿಡಿಸುತ್ತಾ ಅಂತ ಕೇಳುತ್ತಾನೆ. ಅಷ್ಟೊತ್ತಿಗೆ ಫೋಲ್ಡರಿನಲ್ಲಿ ಫೈನಲ್, ಫೈನಲ್-2, ಫೈನಲ್ ಓಕೆ, ಫೈನಲ್ ವಾಸ್ತು, ಲಾಸ್ಟ್ ಫೈನಲ್ ಅಂತ ಸಾಲಾಗಿ ಕೂತಿರುತ್ತವೆ. ಎಲ್ಲರ ಕಂಪ್ಯೂಟರಿನಲ್ಲೂ ಇದೇ ಕತೆ, ಅಲ್ವಾ?

ಫೈಲ್ ಹೆಸರಿಗೆ ತಾರೀಖು ಹಾಕಿ ನೋಡಿದೆ. ಒಂದು ವರ್ಷ ನಡೆಸಿದೆ. ತಾರೀಖಿನಿಂದ ಯಾವುದು ಹೊಸದು ಅಂತ ಗೊತ್ತಾಗುತ್ತೆ, ಸರಿ. ಆದರೆ ಮೇಸ್ತ್ರಿ ಕೈಲಿ ಇರೋದು ಯಾವುದು, ಬ್ಯಾಂಕಿಗೆ ಕೊಟ್ಟದ್ದು ಯಾವುದು, ಪಾಲಿಕೆಗೆ ಹೋದದ್ದು ಯಾವುದು ಅನ್ನೋದು ಗೊತ್ತಾಗಲ್ಲ. ನಷ್ಟ ಆಗೋದು ಅಲ್ಲೇ.

ವಿನೋಬನಗರದ ಕಡೆ ಒಂದು ಮನೆಯಲ್ಲಿ ಹೀಗೇ ಆಯಿತು. ವಾಸ್ತುದವರ ಮಾತಿಗೆ ಮೆಟ್ಟಿಲನ್ನು ಈ ಕಡೆಯಿಂದ ಆ ಕಡೆಗೆ ತಂದಿದ್ದೆವು. ಅದರ ಜೊತೆ ಮೂರು ಕಾಲಂ ಎರಡೂವರೆ ಅಡಿ ಸರಿದಿದ್ದವು. ಹೊಸ ಪಿಡಿಎಫ್ ಮೇಸ್ತ್ರಿಯ ವಾಟ್ಸಾಪಿಗೆ ಹೋಗಿತ್ತು. ಹಳೇದೂ ಅಲ್ಲೇ ಇತ್ತು. ಅವರು ಮೇಲೆ ಸರಿಸಿ ಮೊದಲು ಸಿಕ್ಕಿದ್ದನ್ನು ತೆಗೆದು ಸುಣ್ಣದ ಪುಡಿಯಲ್ಲಿ ಮಾರ್ಕಿಂಗ್ ಹಾಕಿಸಿಬಿಟ್ಟರು. ನಾನು ಸೈಟಿಗೆ ಹೋಗುವಾಗ ಗುಂಡಿ ತೆಗೆದು, ಬೆಡ್ ಕಾಂಕ್ರೀಟ್ ಹಾಕಿ, ಕಂಬಿಯ ಜಾಲಿಯನ್ನೂ ಇಟ್ಟಾಗಿತ್ತು. ‘ಸಾರ್, ನೀವೇ ಕಳ್ಸಿದ್ದಲ್ವಾ’ ಅಂತ ಮೊಬೈಲ್ ತೋರಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ಎರಡೂ ನಾನೇ ಕಳಿಸಿದ್ದು. ಎರಡರ ಹೆಸರಲ್ಲೂ ಫೈನಲ್ ಅಂತಲೇ ಇತ್ತು. ಗುಂಡಿ ಮುಚ್ಚಿ ಬೇರೆ ತೋಡಿಸಿ, ಕೂಲಿ, ಸಿಮೆಂಟು, ಎಲ್ಲ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ಅರ್ಧ ನನ್ನ ಮೇಲೆ ಬಂತು. ಆ ಪ್ಲಾನಿನಿಂದ ನನಗೆ ಬಂದ ಫೀಸೇ ಹತ್ತು ಸಾವಿರ ಚಿಲ್ಲರೆ.

ಅವತ್ತಿಂದ ಫೈಲುಗಳನ್ನು ಎರಡು ಜಾತಿ ಮಾಡಿದೆ. ಆಫೀಸಿನ ಒಳಗೆ ಇರೋದು, ಬಾಗಿಲು ದಾಟಿ ಹೋದದ್ದು.

ಒಳಗಿನ ಫೈಲಿಗೆ ಬರೀ ನಂಬರು. ಪ್ರಾಜೆಕ್ಟ್ ನಂಬರು, ಯಜಮಾನರ ಹೆಸರಿನ ಮೂರು ಅಕ್ಷರ, ಆಮೇಲೆ 01, 02, 03. ಸೊನ್ನೆ ಬಿಡಬೇಡಿ, ಬಿಟ್ಟರೆ ಹತ್ತು ಅನ್ನೋದು ಎರಡಕ್ಕಿಂತ ಮೊದಲು ಬಂದು ಕೂರುವ ಫೋಲ್ಡರುಗಳಿವೆ. ದೊಡ್ಡ ಬದಲಾವಣೆ ಮಾಡೋ ಮೊದಲು ಸೇವ್ ಆ್ಯಸ್ ಕೊಟ್ಟು ನಂಬರು ಏರಿಸಬೇಕು, ಅಷ್ಟೇ. ಇದರ ಲೆಕ್ಕ ಯಾರಿಗೂ ಕೊಡಬೇಕಿಲ್ಲ.

ಹೊರಗೆ ಹೋಗೋ ಪ್ರತಿ ಕಾಗದಕ್ಕೂ, ಪ್ರತಿ ಪಿಡಿಎಫ್‌ಗೂ ಒಂದು ಅಕ್ಷರ. ಎ, ಬಿ, ಸಿ. ಮೊಬೈಲಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದರೂ ಅದಕ್ಕೆ ಅಕ್ಷರ ಬೇಕೇ ಬೇಕು. ಅಕ್ಷರ ಬಿದ್ದ ಕೂಡಲೇ ಡ್ರಾಯಿಂಗೂ ಪಿಡಿಎಫ್ಫೂ ‘ಹೊರಗೆ ಹೋದದ್ದು’ ಅನ್ನೋ ಫೋಲ್ಡರಿಗೆ ಕಾಪಿ ಆಗಿ ರೀಡ್-ಓನ್ಲಿ ಆಗುತ್ತವೆ. ಆಮೇಲೆ ಅದನ್ನು ನಾನೂ ಮುಟ್ಟಲ್ಲ. ಪಕ್ಕದಲ್ಲಿ ಒಂದು ನೋಟ್‌ಪ್ಯಾಡ್ ಫೈಲಿದೆ. ಅದರಲ್ಲಿ ಒಂದು ಸಾಲು: ಅಕ್ಷರ, ತಾರೀಖು, ಯಾರಿಗೆ, ಯಾಕೆ. ‘ಡಿ, ಮೇಸ್ತ್ರಿಗೆ, ಮೆಟ್ಟಿಲು ಬದಲು, ಸಿ ಕಾಗದ ವಾಪಸ್ ಬಂತು.’ ಕೊನೆಯ ಆ ಮೂರು ಮಾತು ಮುಖ್ಯ. ಹಳೇ ಕಾಗದ ಕೈಗೆ ಬರದೆ ಹೊಸದು ಕೊಡಲ್ಲ. ಪಿಡಿಎಫ್ ಆದರೆ ನನ್ನೆದುರೇ ಹಳೇದನ್ನು ಡಿಲೀಟ್ ಮಾಡಿಸುತ್ತೇನೆ. ಶುರುವಿನಲ್ಲಿ ಮೇಸ್ತ್ರಿಗಳು ಮುಖ ಸಿಂಡರಿಸಿದರು. ಈಗ ಅವರೇ ‘ಸಾರ್, ಇದು ಇ ಅಲ್ವಾ, ಎಫ್ ಬಂದಿಲ್ಲ ತಾನೇ?’ ಅಂತ ಕೇಳಿ ಮಾರ್ಕಿಂಗ್ ಹಾಕುತ್ತಾರೆ.

ಟೈಟಲ್ ಬ್ಲಾಕಿನಲ್ಲಿ, ಅಂದ್ರೆ ನಕ್ಷೆಯ ವಿವರ ಬರೆಯೋ ಚೌಕದಲ್ಲಿ, ಫೈಲ್ ಹೆಸರನ್ನೂ ಪ್ಲಾಟ್ (ಪ್ರಿಂಟ್) ತಾರೀಖನ್ನೂ ಕೈಯಲ್ಲಿ ಟೈಪ್ ಮಾಡಬೇಡಿ. ಫೀಲ್ಡ್ ಕಮಾಂಡ್ ಹಾಕಿದರೆ ಅದೇ ತುಂಬಿಕೊಳ್ಳುತ್ತೆ. ಅಕ್ಷರ ಏರಿಸಿ, ಪ್ಲಾಟ್ ಮಾಡಿ, ಕಾಪಿ ಹಾಕಿ, ನೋಟ್‌ಪ್ಯಾಡಿನಲ್ಲಿ ಸಾಲು ಬರೆಯೋದನ್ನೆಲ್ಲ ಒಂದೇ ಏಟಿಗೆ ಮಾಡೋ ಲಿಸ್ಪ್ (ಆಟೊಕ್ಯಾಡ್ ಒಳಗೆ ಓಡೋ ಚಿಕ್ಕ ಪ್ರೋಗ್ರಾಂ) ಒಂದನ್ನು ಬರೆದುಕೊಂಡಿದ್ದೇನೆ. ಅದನ್ನು ಮಾತ್ರ ಕೇಳಬೇಡಿ. ಬರೆಯೋಕೆ ನನ್ನ ಒಂದು ಮಳೆಗಾಲವೇ ಹೋಗಿದೆ.

ಇನ್ನೊಂದು ಅಭ್ಯಾಸ ಹೇಳುತ್ತೇನೆ, ಇದು ಬಹಳ ಜನ ಮಾಡಲ್ಲ. ಸೈಟಿನ ನೈಋತ್ಯ ಮೂಲೆ ಯಾವತ್ತೂ 0,0 ಗೆ ಕೂತಿರಬೇಕು. ಎ ಇಂದ ಝಡ್ ತನಕ ಅದು ಕದಲಬಾರದು. ಹಾಗಿದ್ದರೆ ಹಳೇ ವರ್ಷನ್ನನ್ನು ಎಕ್ಸ್‌ರೆಫ್ ಆಗಿ (ಬೇರೆ ಫೈಲನ್ನು ಇದರೊಳಗೆ ಜೋಡಿಸಿ ತೋರಿಸೋದು) ತಂದು, ಕೆಂಪು ಬಣ್ಣ ಕೊಟ್ಟು ಹೊಸದರ ಅಡಿಗೆ ಹಾಕಿದರೆ ಎಲ್ಲೆಲ್ಲಿ ಗೋಡೆ ಸರಿದಿದೆ ಅಂತ ಕಣ್ಣಿಗೆ ಹೊಡೆಯುತ್ತೆ. ಆಟೊಕ್ಯಾಡ್ 2019ರಿಂದ ಡ್ರಾಯಿಂಗ್ ಕಂಪೇರ್ ಅಂತಲೇ ಕೊಟ್ಟಿದ್ದಾರೆ, ಚೆನ್ನಾಗಿದೆ. ಹಳೇ ವರ್ಷನ್ ಇಟ್ಟುಕೊಂಡವರಿಗೆ ಈ ಕೆಂಪು ಗೆರೆಯೇ ಸಾಕು. ಯಜಮಾನರ ಎದುರು ಇದನ್ನು ತೋರಿಸಿದರೆ ‘ಸುಮ್ನೆ ಒಂದು ಬಾಗಿಲು ತಾನೇ ಸರಿಸಿದ್ದು’ ಅನ್ನೋ ಮಾತು ನಿಲ್ಲುತ್ತೆ. ಬಾಗಿಲಿನ ಜೊತೆ ಲಿಂಟಲ್ಲು, ಸಜ್ಜ, ಸ್ವಿಚ್‌ಬೋರ್ಡು ಎಲ್ಲ ಸರಿದಿರೋದು ಕೆಂಪಗೆ ಕಾಣಿಸುತ್ತಲ್ಲ!

ದುಡ್ಡಿನ ವಿಷಯ ಬಂತು. ಮೊದಲ ಮೂರು ಬದಲಾವಣೆ ಫೀಸಿನಲ್ಲೇ ಸೇರಿದೆ, ಆಮೇಲೆ ಪ್ರತಿ ಅಕ್ಷರಕ್ಕೆ ಇಷ್ಟು ಅಂತ ಮೊದಲೇ ಬರೆದುಕೊಡುತ್ತೇನೆ. ಮುಂಚೆ ಇದನ್ನು ಕೇಳೋಕೆ ಬಾಯಿ ಬರುತ್ತಿರಲಿಲ್ಲ, ಕೇಳಿದರೂ ಯಾರೂ ಕೊಡುತ್ತಿರಲಿಲ್ಲ. ಈಗ ನೋಟ್‌ಪ್ಯಾಡಿನ ಸಾಲುಗಳನ್ನು ಪ್ರಿಂಟ್ ತೆಗೆದು ಬಿಲ್ಲಿಗೆ ಪಿನ್ ಮಾಡುತ್ತೇನೆ. ಹೋದ ವರ್ಷ ಬರೀ ಬದಲಾವಣೆ ಲೆಕ್ಕದಲ್ಲೇ ಅರವತ್ತು ಎಪ್ಪತ್ತು ಸಾವಿರ ಬಂದಿರಬೇಕು. ಬಿಲ್ಲಿನಲ್ಲಿ ಆ ಮಾತನ್ನು ಯಾವ ರೀತಿ ಬರೆಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ.

ಇನ್ನು ಬ್ಯಾಕಪ್ಪು. ಇದರಲ್ಲಿ ನಾನು ಕಳಕೊಂಡದ್ದು ಕಮ್ಮಿಯಿಲ್ಲ.

ಕರೆಂಟ್ ಹೋದಾಗಿನ ಕಾಟ ಮೊದಲು. ಜುಲೈನಲ್ಲಿ ನಮ್ಮೂರ ಕರೆಂಟು ನಿಮಗೆ ಗೊತ್ತಿರೋದೇ. ಯುಪಿಎಸ್ ಬ್ಯಾಟರಿ ಹಳೇದಾದರೆ ಒಂದು ಚಿಟಿಕೆ ಹೊಡೆಯೋದರಲ್ಲಿ ಸ್ಕ್ರೀನು ಕಪ್ಪು. ಆಟೊಕ್ಯಾಡ್ ತಾನೇ ಇಡೋ ಬಿಎಕೆ ಫೈಲಿನ ಹೆಸರು ಬದಲಿಸಿ ಡಿಡಬ್ಲ್ಯುಜಿ (ಡ್ರಾಯಿಂಗ್ ಫೈಲು) ಮಾಡಿಕೊಂಡರೆ ಹಿಂದಿನ ಸೇವ್ ಸಿಗುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಎರಡು ಗಂಟೆ ಸೇವ್ ಮಾಡದೇ ಕೂತವನಿಗೆ ಅದರಿಂದ ಏನು ಪ್ರಯೋಜನ? ಆಟೊಸೇವ್ ಹತ್ತು ನಿಮಿಷಕ್ಕೆ ಇರುತ್ತೆ, ನಾನು ಸೇವ್‌ಟೈಮ್ 5ಕ್ಕೆ ಇಳಿಸಿದ್ದೇನೆ. ಅದರ ಎಸ್‌ವಿ-ಡಾಲರ್ ಫೈಲು ಟೆಂಪ್ ಫೋಲ್ಡರಿನ ಗುಡ್ಡೆಯಲ್ಲಿ ಬೀಳುತ್ತೆ. ನಮ್ಮ ಹುಡುಗ ಒಂದು ಕ್ಲೀನರ್ ಓಡಿಸಿ ಆ ಗುಡ್ಡೆಯನ್ನೇ ಗುಡಿಸಿದ್ದ. ಸೇವ್‌ಫೈಲ್‌ಪಾತ್ ಬದಲಿಸಿ ಡಿ ಡ್ರೈವಿನಲ್ಲಿ ಬೇರೆ ಫೋಲ್ಡರಿಗೆ ಬೀಳೋ ಹಾಗೆ ಮಾಡಿಕೊಳ್ಳಿ. ಅರ್ಧ ನಿಮಿಷದ ಕೆಲಸ.

ಕ್ಲೌಡ್ ಫೋಲ್ಡರಿನಲ್ಲೇ ಡ್ರಾಯಿಂಗ್ ಇಟ್ಟು ನೇರ ಕೆಲಸ ಮಾಡಿ ನೋಡಿದೆ. ಎಲ್ಲರೂ ಅದನ್ನೇ ಹೊಗಳುತ್ತಿದ್ದರು. ನಾನು ಮನೆಯಿಂದ, ಹುಡುಗ ಆಫೀಸಿನಿಂದ ಒಂದೇ ಫೈಲ್ ತೆರೆದೆವು. ಒಂದೇ ನೆಟ್‌ವರ್ಕಿನಲ್ಲಿದ್ದರೆ ಆಟೊಕ್ಯಾಡ್ ‘ಇನ್ನೊಬ್ಬರು ತೆರೆದಿದ್ದಾರೆ’ ಅಂತ ತಡೆಯುತ್ತೆ. ಇಲ್ಲಿ ತಡೆಯಲಿಲ್ಲ. ಸಂಜೆಗೆ ಕಾನ್‌ಫ್ಲಿಕ್ಟೆಡ್ ಕಾಪಿ ಅಂತ ಇನ್ನೊಂದು ಮರಿ ಹಾಕಿತ್ತು. ಎರಡರಲ್ಲೂ ಅರ್ಧರ್ಧ ಕೆಲಸ. ಈಗ ಕ್ಲೌಡಿಗೆ ಹೋಗೋದು ‘ಹೊರಗೆ ಹೋದದ್ದು’ ಫೋಲ್ಡರ್ ಮಾತ್ರ. ಅದು ಬದಲಾಗೋದೇ ಇಲ್ಲ, ಜಗಳವೂ ಇಲ್ಲ. ಪಿಡಿಎಫ್, ಡ್ರಾಯಿಂಗ್ ಅಷ್ಟೇ ಆದ್ದರಿಂದ ಗೂಗಲ್ ಡ್ರೈವಿನ ಪುಕ್ಕಟೆ 15 ಜಿಬಿಯಲ್ಲೇ ವರ್ಷಗಟ್ಟಲೆ ನಡೆದಿದೆ. ಅಲ್ಲಿ ಹಳೇ ವರ್ಷನ್ ಇಟ್ಟಿರುತ್ತಾರೆ ಅಂತ ನಂಬಿ ಕೂರಬೇಡಿ. ನಮ್ಮಂಥ ಫೈಲುಗಳಿಗೆ ಅದು ಸಾಮಾನ್ಯವಾಗಿ 30 ದಿನ ಅಥವಾ 100 ವರ್ಷನ್ ತನಕ ಮಾತ್ರ. ಮನೆ ಕಟ್ಟೋಕೇ ಒಂದು ವರ್ಷ ಬೇಕು.

ರಾತ್ರಿ ಹೊತ್ತು ರೋಬೊಕಾಪಿ (ವಿಂಡೋಸ್‌ನ ಕಾಪಿ ಕಮಾಂಡು) ಓಡುತ್ತೆ, ಎಕ್ಸ್‌ಟರ್ನಲ್ ಡಿಸ್ಕಿಗೆ. ಮೊದಲು ಮಿರರ್ ಹಾಕಿಟ್ಟಿದ್ದೆ. ಹುಡುಗ ಒಂದು ಹಳೇ ಪ್ರಾಜೆಕ್ಟಿನ ಫೋಲ್ಡರ್ ಅಳಿಸಿದ, ರಾತ್ರಿ ಮಿರರ್ ನಿಯತ್ತಾಗಿ ಡಿಸ್ಕಿನಿಂದಲೂ ಅಳಿಸಿತು. ಡೇಟಾ ರಿಕವರಿ ಅಂಗಡಿಯವರು ಎಂಟು ಸಾವಿರ ತಗೊಂಡು ಮುಕ್ಕಾಲು ಭಾಗ ಕೊಟ್ಟರು, ಹೆಸರುಗಳೆಲ್ಲ ಹೋಗಿ ಬರೀ ನಂಬರು. ಈಗ ಮಿರರ್ ತೆಗೆದು ಬರೀ ಕಾಪಿ. ಅಳಿಸೋ ಅಧಿಕಾರ ಆ ಸ್ಕ್ರಿಪ್ಟಿಗಿಲ್ಲ. ಬಿಎಕೆ, ಡಿಡಬ್ಲ್ಯುಎಲ್ ಕಸವನ್ನು ಬಿಟ್ಟುಬಿಡೋಕೆ ಹೇಳಿದ್ದೇನೆ.

ಡಿಸ್ಕು ಎರಡು, ಒಂದೊಂದು ಟಿಬಿ. ತಗೊಂಡಾಗ ಒಂದಕ್ಕೆ ನಾಲ್ಕು ಸಾವಿರದ ಸುಮಾರು. ಒಂದು ವಾರ ಇದು, ಒಂದು ವಾರ ಅದು. ಸಿಕ್ಕಿಸದೆ ಇರೋದು ಆಫೀಸಿನಲ್ಲಿ ಇರಲ್ಲ. ಭದ್ರಾವತಿಯ ಗೆಳೆಯರೊಬ್ಬರ ಆಫೀಸಿಗೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್) ಬಂದು ಡ್ರಾಯಿಂಗುಗಳ ಹೆಸರಿನ ಬಾಲವೆಲ್ಲ ಬದಲಾಯಿತು. ಡಿಸ್ಕು ಇಪ್ಪತ್ನಾಲ್ಕು ಗಂಟೆಯೂ ಸಿಕ್ಕಿಸಿಯೇ ಇದ್ದದ್ದರಿಂದ ಬ್ಯಾಕಪ್ಪೂ ಅದರ ಜೊತೆ ಹೋಯಿತು. ಅದನ್ನು ನೋಡಿದ ಮೇಲೆ ನನಗೆ ಎರಡನೇ ಡಿಸ್ಕಿನ ಖರ್ಚು ದೊಡ್ಡದು ಅನ್ನಿಸಲಿಲ್ಲ.

ಬ್ಯಾಕಪ್ ತೆರೆದು ನೋಡೋಕೆ ಒಂದು ದಿನ ಬೇಕಲ್ಲ, ಅದಕ್ಕೆ ಅಮಾವಾಸ್ಯೆ ಇಟ್ಟುಕೊಂಡಿದ್ದೇನೆ. ಅವತ್ತು ನಮ್ಮ ಗಾರೆ ಕೆಲಸದವರಿಗೆ ರಜೆ, ಸೈಟಿನಿಂದ ಫೋನೇ ಬರಲ್ಲ. ಡಿಸ್ಕಿನಿಂದ ಕಣ್ಣುಮುಚ್ಚಿ ಒಂದು ಪ್ರಾಜೆಕ್ಟ್ ತೆಗೆದು ಹುಡುಗನ ಕಂಪ್ಯೂಟರಿನಲ್ಲಿ ತೆರೆಯೋದು. ಹಾಗೆ ತೆರೆದಾಗಲೇ ಗೊತ್ತಾಗಿದ್ದು, ಟೈಟಲ್ ಬ್ಲಾಕಿನ ಕನ್ನಡವೆಲ್ಲ ಅರ್ಥವಿಲ್ಲದ ಗುರುತುಗಳಾಗಿವೆ ಅಂತ. ನನ್ನಲ್ಲಿ ಹಳೇ ನುಡಿ ಫಾಂಟ್ ಇತ್ತು, ಅವನಲ್ಲಿ ಇರಲಿಲ್ಲ. ಎಕ್ಸ್‌ರೆಫ್ ಮಾಡಿದ ಸರ್ವೆ ನಕ್ಷೆಯೂ ಸಿಗಲಿಲ್ಲ, ಅದರ ದಾರಿ ನನ್ನ ಡೆಸ್ಕ್‌ಟಾಪಿಗೆ ಇತ್ತು. ಈಗ ಅಕ್ಷರ ಬೀಳೋ ಡ್ರಾಯಿಂಗ್ ಈ-ಟ್ರಾನ್ಸ್‌ಮಿಟ್‌ನಿಂದಲೇ ಹೋಗಬೇಕು. ಫಾಂಟು, ಎಕ್ಸ್‌ರೆಫ್, ಪ್ಲಾಟ್ ಸ್ಟೈಲು ಎಲ್ಲ ಒಂದೇ ಗಂಟಿನಲ್ಲಿ. ಉಳಿಸೋದು 2010ರ ಫಾರ್ಮ್ಯಾಟಿನಲ್ಲಿ, ಸ್ಟ್ರಕ್ಚರಲ್ ಎಂಜಿನಿಯರ ಹಳೇ ಆಟೊಕ್ಯಾಡಿನಲ್ಲೂ ತೆರೆಯಲಿ ಅಂತ.

ನಡುವೆ ಒಂದು ಹುಚ್ಚು ಪ್ರಯೋಗ ಮಾಡಿದೆ. ಸಾಫ್ಟ್‌ವೇರ್ ಕಂಪನಿಯಲ್ಲಿರೋ ಅಳಿಯ ‘ಮಾವ, ಗಿಟ್ ಹಾಕಿ’ ಅಂದ. ಪ್ರೋಗ್ರಾಂ ಬರೆಯೋರು ವರ್ಷನ್ ಲೆಕ್ಕ ಇಡೋ ಸಾಧನ ಅದು. ಹಾಕಿದೆ. ಡಿಡಬ್ಲ್ಯುಜಿ ಬೈನರಿ ಫೈಲು, ಏನು ಬದಲಾಯಿತು ಅಂತ ಅದಕ್ಕೆ ಓದೋಕೆ ಬರಲ್ಲ. ಸೇವ್ ಮಾಡಿದಷ್ಟೂ ಗಾತ್ರ ಉಬ್ಬುತ್ತೆ. ಡಿಎಕ್ಸ್‌ಎಫ್ ಮಾಡಿದರೆ ಅಕ್ಷರ ರೂಪದಲ್ಲಿ ಬರುತ್ತೆ ಅಂತ ಅದನ್ನೂ ನೋಡಿದೆ. ಒಂದು ಕಿಟಕಿ ಸರಿಸಿದರೆ ಸಾಲುಗಟ್ಟಲೆ ವ್ಯತ್ಯಾಸ ತೋರಿಸಿತು, ಯಾವುದು ಕಿಟಕಿ ಅಂತ ದೇವರಿಗೇ ಗೊತ್ತು. ಆ ನೋಟ್‌ಪ್ಯಾಡ್ ಫೈಲಿಗೆ ಮಾತ್ರ ಗಿಟ್ ಚೆನ್ನಾಗಿದೆ, ಅದಕ್ಕೆ ಈಗಲೂ ಇದೆ. ಡಿವಿಡಿ ಬರೆದಿಟ್ಟದ್ದು ಇನ್ನೂ ಹಳೇ ಕತೆ. ಏಳೆಂಟು ವರ್ಷಕ್ಕೆ ಅರ್ಧದಷ್ಟು ಓದಲಿಲ್ಲ, ಮಲೆನಾಡಿನ ತೇವಕ್ಕೋ ಅಗ್ಗದ ಡಿಸ್ಕಿಗೋ.

ಸ್ಕೆಚಪ್ ಫೈಲಿಗೆ ಇಷ್ಟೆಲ್ಲ ಮಾಡಲ್ಲ. ಸ್ಕೆಚಪ್ಪಿನ ಆನ್‌ಲೈನ್ ವೇರ್‌ಹೌಸಿನಿಂದ ತಂದ ಸೋಫಾ, ಗಿಡ, ಕಾರು ಸೇರಿ ಒಂದೊಂದು 200 ಎಂಬಿ ಆಗುತ್ತೆ. ಪರ್ಜ್ ಮಾಡಿ (ಬಳಸದ್ದನ್ನು ತೆಗೆದು), ಒಪ್ಪಿಗೆಯಾದ ಎಲಿವೇಶನ್ ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನು ಮನೆ ಮುಗಿದ ಮೇಲೆ ಅಳಿಸುತ್ತೇನೆ. ಯಾರೂ ಕೇಳಿಕೊಂಡು ಬಂದಿಲ್ಲ.

ಹೋದ ಬೇಸಿಗೆಯಲ್ಲಿ, ಏಳು ವರ್ಷದ ಹಿಂದೆ ನೆಲಮಹಡಿ ಕಟ್ಟಿಸಿದ್ದ ಒಬ್ಬರು ಮೇಲೆ ಮಹಡಿ ಹಾಕಬೇಕು ಅಂತ ಬಂದರು. ಬೇರೆ ಕಡೆ ಕೇಳಿದ್ದಕ್ಕೆ ಕಾಲಂ ಕೆತ್ತಿ ಕಬ್ಬಿಣ ನೋಡಬೇಕು ಅಂದಿದ್ದರಂತೆ. ನಾನು ಪ್ರಾಜೆಕ್ಟ್ ನಂಬರು ಹಾಕಿ ‘ಜಿ’ ತೆಗೆದೆ. ಫುಟಿಂಗ್ ಅಳತೆ, ಕಂಬಿಯ ಡಯಾ, ಎಲ್ಲ ಸ್ಕ್ರೀನ್ ಮೇಲೆ. ‘ಇನ್ನೂ ಇಟ್ಟಿದ್ದೀರಾ ಸಾರ್!’ ಅಂದರು. ಕಾಲಂ ಕೆತ್ತುವ ಮಾತು ಅಲ್ಲಿಗೇ ನಿಂತಿತು, ಸ್ಟ್ರಕ್ಚರಲ್ ಎಂಜಿನಿಯರು ಅದೇ ಡ್ರಾಯಿಂಗ್ ಹಿಡಿದು ಲೆಕ್ಕ ಹಾಕಿದರು. ಆ ಕೆಲಸ ನನಗೇ ಬಂತು, ಅವರ ಷಡ್ಡಕನ ಮನೆಯೂ ಬಂತು. ನಕ್ಕವರ ಫೋನು ಶುರುವಾಗಿದ್ದು ಈ ಸುದ್ದಿ ಹರಡಿದ ಮೇಲೆ.

ಈಗ ಇನ್ನೊಂದು ಹಿಡಿದಿದ್ದೇನೆ. ಗಾರೆ ಹಾಕೋ ಮೊದಲು ಗೋಡೆಯಲ್ಲಿರೋ ಕರೆಂಟ್ ಪೈಪು, ನೀರಿನ ಪೈಪುಗಳ ಫೋಟೊ ತೆಗೆದು ಅದೇ ಅಕ್ಷರದ ಫೋಲ್ಡರಿಗೆ ಹಾಕೋದು, ನಾಳೆ ಯಾರಾದರೂ ಡ್ರಿಲ್ ಹಿಡಿದು ಬಂದಾಗ ತೋರಿಸೋಕೆ. ಒಂದೆರಡು ಮನೆಗೆ ಮಾಡಿ ನೋಡಿದೆ. ಫೋಟೊ ಸಿಕ್ಕಾಪಟ್ಟೆ ಜಾಗ ತಿನ್ನುತ್ತಿವೆ, ಯಾವ ಗೋಡೆ ಅಂತ ಗುರುತು ಹಾಕೋದೂ ತಲೆನೋವು. ಸದ್ಯಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ರೂಮಿನ ನಂಬರು ಬರೆಸಿ ಫೋಟೊ ತೆಗೆಯೋಕೆ ಹುಡುಗನಿಗೆ ಹೇಳಿದ್ದೇನೆ.