ಮನೆ ತುಂಬ ನೆಂಟರು, ಒಂದೇ ಬೀಡಿನ ಕಾವಲಿ: ಎಲ್ಲರಿಗೂ ಬಿಸಿ ತಿಂಡಿ ಹೇಗೆ?

ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ, ಹುತ್ತರಿ ಬಂತೆಂದರೆ ಕೊಡಗಿನ ಮನೆಗಳು ತುಂಬುತ್ತವೆ. ಬೆಂಗಳೂರು, ಮೈಸೂರಿನಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ರಾತ್ರಿ ಊಟಕ್ಕೆ ಅಷ್ಟು ತೊಂದರೆ ಇಲ್ಲ. ದೊಡ್ಡ ಪಾತ್ರೆಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು ಇಟ್ಟರೆ ಮುಗಿಯಿತು. ಕಷ್ಟ ಇರುವುದು ಬೆಳಿಗ್ಗೆ. ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ) ಒಂದೊಂದಾಗಿಯೇ ಬೇಯಬೇಕು, ದೋಸೆಯೂ ಅಷ್ಟೇ. ಹನ್ನೆರಡು ಜನರಿಗೆ ಬೇಯಿಸುವ ಹೊತ್ತಿಗೆ ಮೊದಲ ಪಂಕ್ತಿಯವರು ತೋಟ ಸುತ್ತಿ ಬಂದಿರುತ್ತಾರೆ. ಒಲೆ ಮುಂದೆ ನಿಂತವರಿಗೆ ಮಾತ್ರ ಕೊನೆಯಲ್ಲಿ ತಣ್ಣಗಾದ, ಬಿರುಸಾದ ಒಟ್ಟಿ.

ಹಾಗಾಗಬೇಕಿಲ್ಲ. ಅಡುಗೆ ಮಾಡಿದವರೂ ಎಲ್ಲರ ಜೊತೆ ಕೂತು ಬಿಸಿಬಿಸಿ ತಿನ್ನಬಹುದು. ಅದಕ್ಕೆ ನಾಲ್ಕು ಒಲೆ ಬೇಡ. ಒಂದು ದಪ್ಪ ಬೀಡಿನ (ಎರಕದ ಕಬ್ಬಿಣದ) ಕಾವಲಿ ಸಾಕು, ಅದರ ಬಿಸಿಯನ್ನು ಯಾವಾಗ ಯಾವುದಕ್ಕೆ ಬಳಸಬೇಕು ಅನ್ನುವ ಲೆಕ್ಕ ಗೊತ್ತಿದ್ದರೆ.

ಬೀಡೇ ಯಾಕೆ?

ಅಲ್ಯುಮಿನಿಯಂಗೆ ಹೋಲಿಸಿದರೆ ಬೀಡಿನಲ್ಲಿ ಬಿಸಿ ಹರಡುವುದು ತುಂಬ ನಿಧಾನ, ಹೆಚ್ಚುಕಡಿಮೆ ಕಾಲು ಭಾಗದ ವೇಗ. ಆದರೆ ಕಾವಲಿ ದಪ್ಪ, ಭಾರ. ಹಾಗಾಗಿ ಒಮ್ಮೆ ಕಾದರೆ ಬಿಸಿಯನ್ನು ಬಿಡುವುದೇ ಇಲ್ಲ. ತೆಳು ತವಾ ಮೇಲೆ ಹಸಿ ಒಟ್ಟಿ ಹಾಕಿದ ಕೂಡಲೇ ತವಾ ತಣ್ಣಗಾಗುತ್ತದೆ, ಮತ್ತೆ ಕಾಯುವವರೆಗೆ ಕಾಯಬೇಕು. ಬೀಡಿನ ಮೇಲೆ ಒಂದರ ಹಿಂದೆ ಒಂದು ಹಾಕುತ್ತಾ ಹೋಗಬಹುದು. ಜಾಸ್ತಿ ಜನರಿಗೆ ಬೇಯಿಸುವಾಗ ಈ ಗುಣವೇ ಕೈ ಹಿಡಿಯುವುದು.

ಕೊಳ್ಳುವಾಗ ಕಾವಲಿಯನ್ನು ಅಂಗಡಿಯ ನೆಲದ ಮೇಲೆ ಇಟ್ಟು ನೋಡಿ, ಅಲ್ಲಾಡಬಾರದು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಬೀಡು ಬಗ್ಗುವುದಿಲ್ಲ, ಕೈತಪ್ಪಿ ಬಿದ್ದರೆ ಒಡೆಯುತ್ತದೆ. ಹನ್ನೆರಡು ಇಂಚಿನ ದುಂಡು ಕಾವಲಿ ಒಟ್ಟಿ ಸುಡಲು ಒಳ್ಳೆಯದು. ಎರಡು ಒಲೆಗೆ ಅಡ್ಡಲಾಗಿ ಕೂರುವ ಉದ್ದ ಕಾವಲಿಯೂ ಸಿಗುತ್ತದೆ, ಅದು ದೋಸೆಗೆ ಮತ್ತು ಮೊಟ್ಟೆಗೆ ಚೆನ್ನ. ಒಂದನ್ನೇ ಕೊಳ್ಳುವುದಾದರೆ ದುಂಡಗಿನದನ್ನು ಕೊಳ್ಳಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೊಸ ಕಾವಲಿ ಪಳಗಿಸುವುದು

ಪಳಗಿಸದ ಹೊಸ ಕಾವಲಿಯನ್ನು ಎರಡು ಮೂರು ದಿನ ಗಂಜಿ ನೀರಲ್ಲಿ ಅಥವಾ ಅಕ್ಕಿ ತೊಳೆದ ನೀರಲ್ಲಿ ಮುಳುಗಿಸಿಡುವುದು ಹಳೆಯ ಪದ್ಧತಿ. ದಿನವೂ ನೀರು ಬದಲಿಸಿ, ತೆಂಗಿನ ನಾರಿನಲ್ಲಿ ಉಜ್ಜಬೇಕು. ಕಪ್ಪು ಬಿಡುವುದು ನಿಂತ ಮೇಲೆ ತೊಳೆದು, ಒಲೆ ಮೇಲಿಟ್ಟು ಪೂರ್ತಿ ಒಣಗಿಸಿ.

ಈಗ ಎಣ್ಣೆ. ಎಳ್ಳೆಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಒಂದು ಚಮಚ ಸಾಕು. ಹಚ್ಚಿ, ಆಮೇಲೆ ಒಣ ಬಟ್ಟೆಯಲ್ಲಿ ಎಣ್ಣೆಯೇ ಇಲ್ಲವೇನೋ ಅನ್ನುವಷ್ಟು ಒರೆಸಿ ತೆಗೆಯಿರಿ. ಇಲ್ಲೇ ಹೆಚ್ಚಿನವರು ಎಡವುವುದು. ಎಣ್ಣೆ ಜಾಸ್ತಿಯಾದರೆ ಕಾದ ಮೇಲೆ ಅಂಟಂಟಾದ ಪದರ ನಿಲ್ಲುತ್ತದೆ, ಅದರ ಮೇಲೆ ಎಲ್ಲವೂ ಹಿಡಿಯುತ್ತದೆ. ಒರೆಸಿದ ಕಾವಲಿಯನ್ನು ಹೊಗೆ ಬಂದು ನಿಲ್ಲುವವರೆಗೆ ಕಾಯಿಸಿ, ತಾನಾಗಿ ಆರಲು ಬಿಡಿ. ಹೀಗೆ ಮೂರು ನಾಲ್ಕು ಸಲ. ಕಿಟಕಿ ತೆರೆದಿರಲಿ. ಕಾದಾಗ ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ತೆಳು ಪದರವಾಗಿ ಕೂರುತ್ತದೆ, ಅದೇ ಅಂಟದಂತೆ ನೋಡಿಕೊಳ್ಳುವುದು. ತೆಂಗಿನೆಣ್ಣೆ ದಿನಬಳಕೆಗೆ ಸರಿ, ಆದರೆ ಈ ಮೊದಲ ಪದರ ಕಟ್ಟಲು ಅಷ್ಟು ಒಳ್ಳೆಯದಲ್ಲ.

ಹಿಂದಿನ ರಾತ್ರಿ

ಕಾವಲಿ ಮೇಲೆ ಆಗದ್ದೆಲ್ಲ ರಾತ್ರಿಯೇ ಮುಗಿದಿರಬೇಕು. ಕುಂಬಳಕಾಯಿ ಕರಿ, ಎಳ್ಳು ಪಜ್ಜಿ (ಚಟ್ನಿ) ಮಾಡಿಡಿ. ಹಬ್ಬದ ಪಂದಿ ಕರಿ (ಹಂದಿ ಮಾಂಸದ ಸಾರು) ಉಳಿದಿದ್ದರೆ ಇನ್ನೂ ಸುಲಭ, ಮರುದಿನ ಒಟ್ಟಿ ಜೊತೆ ಅದರ ರುಚಿಯೇ ಬೇರೆ. ಮಕ್ಕಳಿಗೆ ನೀರ್‌ದೋಸೆ ಬೇಕೆಂದರೆ ಅಕ್ಕಿ ನೆನೆಹಾಕಿ. ಜೇನು, ತುಪ್ಪ, ತಟ್ಟೆ, ಲೋಟ ಮೇಜಿನ ಮೇಲೆ ಬಂದಿರಲಿ.

ಒಂದು ಎಚ್ಚರಿಕೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಕರಿಯನ್ನು ಬೆಳಿಗ್ಗೆ ಬಿಸಿ ಮಾಡಲು ಕಾವಲಿ ಮೇಲೆ ಸುರಿಯಬೇಡಿ. ಟೊಮೆಟೊ, ಹುಣಸೆಯೂ ಬೇಡ. ಹುಳಿ ಆ ಎಣ್ಣೆ ಪದರವನ್ನು ಕಿತ್ತುಹಾಕುತ್ತದೆ, ಕರಿಗೂ ಕಬ್ಬಿಣದ ರುಚಿ ಬರುತ್ತದೆ. ಕರಿಗೆ ಬೇರೆ ಪಾತ್ರೆ ಇರಲಿ.

ಹಿಟ್ಟು

ಹನ್ನೆರಡು ಜನರಿಗೆ ತಲಾ ಮೂರರಂತೆ ಮೂವತ್ತಾರು ಒಟ್ಟಿ. ಎರಡು ಲೋಟ ಅಕ್ಕಿಗೆ ಆರು ಲೋಟ ನೀರು, ಉಪ್ಪು ಹಾಕಿ ಮೆತ್ತಗೆ ಬೇಯಿಸಿ. ಸುಮಾರು ಆರು ಲೋಟ ಅನ್ನ ಆಗುತ್ತದೆ. ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಅಗುಳು ಕಾಣದ ಹಾಗೆ ಮಸೆಯಿರಿ. ನಯವಾದ ಅಕ್ಕಿ ಹಿಟ್ಟು ಐದರಿಂದ ಆರು ಲೋಟ ಹಿಡಿಯುತ್ತದೆ. ಒಂದೇ ಸಲ ಸುರಿಯದೆ ಹಿಡಿ ಹಿಡಿಯಾಗಿ ಸೇರಿಸಿ ನಾದಿ. ಅಂಗೈಗೆ ಅಂಟದೆ, ಒತ್ತಿದರೆ ಅಂಚು ಬಿರಿಯದೆ ಇದ್ದರೆ ಹದ ಬಂದಿದೆ. ಅಂಚು ಬಿರಿಯುತ್ತಿದ್ದರೆ ಕೈಗೆ ಸ್ವಲ್ಪ ಬಿಸಿನೀರು ಮುಟ್ಟಿಸಿಕೊಂಡು ಇನ್ನೊಮ್ಮೆ ನಾದಿ.

ಉಂಡೆ ಸಣ್ಣ ನಿಂಬೆಗಿಂತ ದೊಡ್ಡದು ಇರಲಿ. ಉಂಡೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಗೆ ಬಿಟ್ಟರೆ ಮೇಲೆ ಚಕ್ಕೆ ಕಟ್ಟುತ್ತದೆ. ಎಲ್ಲವನ್ನೂ ಮೊದಲೇ ಲಟ್ಟಿಸಿ ಪೇರಿಸಿಡಬೇಡಿ. ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಒಬ್ಬರು ಲಟ್ಟಿಸಲಿ ಅಥವಾ ಪ್ರೆಸ್ಸಿನಲ್ಲಿ ಒತ್ತಲಿ, ಒಬ್ಬರು ಬೇಯಿಸಲಿ. ಈ ಕೆಲಸಕ್ಕೆ ರಜೆಗೆ ಬಂದ ಹುಡುಗರನ್ನು ಕರೆಯಿರಿ, ಖುಷಿಯಿಂದ ಬರುತ್ತಾರೆ.

ಕಾಯಿಸುವುದು, ಬೇಯಿಸುವುದು

ಮೊದಲ ಒಟ್ಟಿಗೆ ಹತ್ತು ನಿಮಿಷ ಮುಂಚೆ ಕಾವಲಿಯನ್ನು ಸಣ್ಣ ಉರಿಯಲ್ಲಿ ಇಡಿ. ಬೇಗ ಆಗಲಿ ಅಂತ ದೊಡ್ಡ ಉರಿ ಹಚ್ಚಿದರೆ ನಡುಭಾಗ ಮಾತ್ರ ಕಾದು ಅಂಚು ತಣ್ಣಗೇ ಇರುತ್ತದೆ. ಒಟ್ಟಿಯ ನಡುವೆ ಕಪ್ಪು, ಸುತ್ತ ಹಸಿ ಆಗುವುದು ಇದರಿಂದಲೇ. ಒಂದು ಚಿಟಿಕೆ ಅಕ್ಕಿ ಹಿಟ್ಟನ್ನು ಉದುರಿಸಿ ನೋಡಿ. ನಿಧಾನವಾಗಿ ಹೊಂಬಣ್ಣಕ್ಕೆ ತಿರುಗಿದರೆ ಸರಿ, ಬಿದ್ದ ಕೂಡಲೇ ಕಪ್ಪಾದರೆ ಉರಿ ತಗ್ಗಿಸಿ.

ಒಟ್ಟಿಗೆ ಎಣ್ಣೆ ಬೇಡ. ಹಾಕಿದ ಕೆಲವೇ ಕ್ಷಣಗಳಲ್ಲಿ ಮೇಲ್ಮೈಯ ಒದ್ದೆ ಹೊಳಪು ಹೋಗಿ ಬಿಳಿ ಮಂಕಾಗುತ್ತದೆ. ಆಗಲೇ ಮಗುಚಬೇಕು. ತಡ ಮಾಡಿದರೆ ಆ ಬದಿ ಗಟ್ಟಿಯಾಗಿ ಒಟ್ಟಿ ಉಬ್ಬುವುದಿಲ್ಲ. ಎರಡನೇ ಬದಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಅಲ್ಲಲ್ಲಿ ಕಂದು ಚುಕ್ಕೆ ಬೀಳಬೇಕು. ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ. ಈಗ ಎತ್ತಿ ಪಕ್ಕದ ಒಲೆಯ ಉರಿಗೆ ಅಥವಾ ಸೌದೆ ಒಲೆಯ ಮುಂದೆ ಎಳೆದಿಟ್ಟ ಕೆಂಡಕ್ಕೆ ಹಾಕಿ. ಒಂದು ಅಂಚಿನಲ್ಲಿ ಆವಿ ಶುರುವಾಗಿ ಇನ್ನೊಂದು ಅಂಚಿನವರೆಗೆ ಓಡುತ್ತದೆ, ಒಟ್ಟಿ ಪೂರ್ತಿ ಉಬ್ಬಿ ನಿಲ್ಲುತ್ತದೆ. ಕೆಂಡದ ಮೇಲೆ ಉಬ್ಬಿದ ಒಟ್ಟಿಯ ಪರಿಮಳ ಗ್ಯಾಸಿನಲ್ಲಿ ಬರುವುದಿಲ್ಲ. ತೋಟದಲ್ಲಿ ಕಡಿದು ಒಣಗಿಸಿದ ಕಾಫಿ ಗಿಡದ ಸೌದೆ ಇದ್ದರೆ ದಯವಿಟ್ಟು ಒಲೆ ಹಚ್ಚಿ.

ದುಂಡು ಕಾವಲಿ ಕೊಳ್ಳಿ ಅಂದಿದ್ದು ಇದಕ್ಕೇ. ಒಂದು ಒಟ್ಟಿ ಉರಿಯಲ್ಲಿ ಉಬ್ಬುತ್ತಿರುವಾಗ ಇನ್ನೊಂದು ಕಾವಲಿಯಲ್ಲಿ ಬೇಯುತ್ತಿರುತ್ತದೆ, ಮೂರನೆಯದು ಮಣೆಯ ಮೇಲೆ ಇರುತ್ತದೆ. ಕೈ ಕೂಡಿದರೆ ಒಂದು ಒಟ್ಟಿಗೆ ಒಂದೂವರೆ ನಿಮಿಷ. ಮೂವತ್ತಾರಕ್ಕೆ ಒಂದು ಗಂಟೆ ಒಳಗೆ ಮುಗಿಯುತ್ತದೆ. ಉದ್ದ ಕಾವಲಿ ಎರಡೂ ಒಲೆಯನ್ನು ಮುಚ್ಚುವುದರಿಂದ ಉಬ್ಬಿಸಲು ಜಾಗ ಇರುವುದಿಲ್ಲ. ಅದೇ ಇದ್ದರೆ ಮಡಿಸಿದ ಬಟ್ಟೆಯಿಂದ ಅಂಚನ್ನು ಮೆಲ್ಲಗೆ ಒತ್ತಿ ಉಬ್ಬಿಸಿ.

ಬೆಂದದ್ದನ್ನು ಹಾಟ್‌ಬಾಕ್ಸಿಗೆ ಹಾಗೇ ಹಾಕಿದರೆ ಬೆವರಿ ಒದ್ದೆಯಾಗುತ್ತದೆ. ಬಿದಿರು ಬುಟ್ಟಿಯಲ್ಲಿ ದಪ್ಪ ಹತ್ತಿ ಬಟ್ಟೆ ಹಾಸಿ, ಒಟ್ಟಿ ಪೇರಿಸಿ, ಅದೇ ಬಟ್ಟೆ ಮೇಲೆ ಮಡಿಸಿ. ಬಟ್ಟೆ ಆವಿ ಹೀರುತ್ತದೆ, ಬಿಸಿ ಉಳಿಯುತ್ತದೆ. ಒಂದು ಗಂಟೆ ಹೊತ್ತು ಮೆತ್ತಗೇ ಇರುತ್ತದೆ. ಮೊದಲು ಬೆಂದದ್ದನ್ನು ಮೊದಲು ಬಂದವರಿಗೆ ಕೊಡುವ ಬದಲು ಎಲ್ಲವನ್ನೂ ಬುಟ್ಟಿಯಲ್ಲೇ ಇಡಿ. ತುಂಬ ಪುಟ್ಟ ಮಕ್ಕಳು ಮತ್ತು ಔಷಧಿ ತೆಗೆದುಕೊಳ್ಳುವ ಹಿರಿಯರು ಮಾತ್ರ ಕಾಯುವುದು ಬೇಡ.

ಆಮೇಲೆ ದೋಸೆ, ಕೊನೆಗೆ ಮೊಟ್ಟೆ

ಈ ಕ್ರಮ ತಪ್ಪಿಸಬೇಡಿ. ಒಟ್ಟಿ ಮುಗಿದಾಗ ಕಾವಲಿ ಮೇಲೆ ಸುಟ್ಟ ಹಿಟ್ಟಿನ ಪುಡಿ ಇರುತ್ತದೆ, ಒಣ ಬಟ್ಟೆಯಿಂದ ಒರೆಸಿ. ನೀರ್‌ದೋಸೆ ಇದ್ದರೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಎರಡು ಮೂರು ಸಲ ಉಜ್ಜಿ, ಒಣಗಿದ ಕಾವಲಿ ಮತ್ತೆ ನುಣುಪಾಗುತ್ತದೆ. ನೀರು ಚಿಮುಕಿಸಿದರೆ ಚುಂಯ್ ಅಂದು ಆರಬೇಕು. ಹನಿಗಳು ಮಣಿಯ ಹಾಗೆ ಉರುಳಾಡಿದರೆ ಕಾವಲಿ ಅತಿಯಾಗಿ ಕಾದಿದೆ, ಸ್ವಲ್ಪ ತಡೆಯಿರಿ. ಅಕ್ಕಿ ತಳಕ್ಕೆ ಕೂರುವುದರಿಂದ ಪ್ರತಿ ದೋಸೆಗೂ ಹಿಟ್ಟು ಕಲಕಬೇಕು. ಅಂಚಿನಿಂದ ಶುರು ಮಾಡಿ ನಡುವಿಗೆ ಹುಯ್ಯಿರಿ, ಮುಚ್ಚಿ, ಮಗುಚದೆ ತೆಗೆಯಿರಿ.

ಮೊಟ್ಟೆ ಕೊನೆಗೆ, ಒಲೆ ಆರಿಸಿದ ಮೇಲೆ. ಎಷ್ಟೋ ಜನ ನಂಬುವುದಿಲ್ಲ, ಮಾಡಿ ನೋಡಿ. ಅಷ್ಟು ಹೊತ್ತು ಕಾದ ಕಾವಲಿಯಲ್ಲಿ ಮೊದಲ ಬಾರಿಯ ನಾಲ್ಕು ಮೊಟ್ಟೆಗೆ ಬೇಕಾದ ಬಿಸಿ ಉಳಿದೇ ಇರುತ್ತದೆ. ಎರಡು ಚಮಚ ಎಣ್ಣೆ ಹರಡಿ, ಒಡೆದು ಹಾಕಿ, ಮುಚ್ಚಳ ಮುಚ್ಚಿ. ಅಂಚು ರಬ್ಬರಿನಂತಾಗದೆ ಬಿಳಿಭಾಗ ಮೆತ್ತಗೆ ಗಟ್ಟಿಯಾಗುತ್ತದೆ, ಹಳದಿ ಹಾಗೇ ನಿಲ್ಲುತ್ತದೆ. ಮುಂದಿನ ಸರದಿಗೆ ತೀರಾ ಸಣ್ಣ ಉರಿ ಸಾಕು. ವ್ರತ ಇರುವವರು, ಮೊಟ್ಟೆ ತಿನ್ನದವರು ಮನೆಯಲ್ಲಿದ್ದರೆ ಅವರ ಒಟ್ಟಿ ದೋಸೆ ಅಷ್ಟರಲ್ಲಿ ಬುಟ್ಟಿ ಸೇರಿ ಆಗಿರುತ್ತದೆ, ಇನ್ನೊಂದು ಕಾವಲಿ ತೊಳೆಯುವ ಕೆಲಸ ಇಲ್ಲ.

ಮೊಟ್ಟೆ ಮುಚ್ಚಳದ ಕೆಳಗೆ ಬೇಯುವಾಗ ಖಾಲಿಯಾದ ಪಕ್ಕದ ಒಲೆಯಲ್ಲಿ ಬೆಲ್ಲದ ಕಾಫಿ ಕುದಿಯಲಿ. ಈಗ ಎಲ್ಲರನ್ನೂ ಕರೆಯಿರಿ. ನೀವೂ ತಟ್ಟೆ ಹಾಕಿಕೊಂಡು ಕೂತುಕೊಳ್ಳಿ.

ತೊಳೆಯುವುದು, ಮಳೆಗಾಲದಲ್ಲಿ ಕಾಪಾಡುವುದು

ಬಿಸಿ ಕಾವಲಿಗೆ ತಣ್ಣೀರು ಸುರಿಯಬೇಡಿ, ಸೀಳಿಹೋಗಬಹುದು. ಉಗುರು ಬೆಚ್ಚಗಾದ ಮೇಲೆ ಬಿಸಿನೀರು, ತೆಂಗಿನ ನಾರು ಸಾಕು. ಮೊಟ್ಟೆಯ ವಾಸನೆ ಉಳಿದರೆ ಸ್ವಲ್ಪ ಸೋಪು ಹಾಕಿದರೂ ತೊಂದರೆ ಇಲ್ಲ. ಸ್ಟೀಲ್ ಜುಂಗಿನಲ್ಲಿ ಕೆರೆಯುವುದು, ರಾತ್ರಿಯಿಡೀ ನೀರಲ್ಲಿ ನೆನೆಹಾಕುವುದು ಮಾತ್ರ ಬೇಡ. ತೊಳೆದ ಕೂಡಲೇ ಒಲೆ ಮೇಲಿಟ್ಟು ಒಣಗಿಸಿ, ಒಂದೆರಡು ಹನಿ ಎಣ್ಣೆ ಸವರಿ ಒರೆಸಿ.

ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ, ಬೀಡು ಕೇಳಬೇಕೇ? ಕಪಾಟಿನೊಳಗೆ ಇಟ್ಟರೆ ತುಕ್ಕು ಖಂಡಿತ. ಕಾಗದ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಡಿ, ಅಲ್ಲಿ ಬೆಚ್ಚಗಿರುತ್ತದೆ. ಬಳಸದೇ ಇದ್ದರೂ ವಾರಕ್ಕೊಮ್ಮೆ ತೆಗೆದು ಕಾಯಿಸಿ ಎಣ್ಣೆ ಸವರಿ. ಅಷ್ಟಾದರೂ ಕೆಂಪು ತುಕ್ಕು ಬಂದರೆ ಎಸೆಯಬೇಡಿ. ತುಕ್ಕು ಇರುವ ಜಾಗಕ್ಕೆ ಕಲ್ಲುಪ್ಪು ಹಾಕಿ, ಒಣ ನಾರಿನಲ್ಲಿ ಕಬ್ಬಿಣದ ಬಣ್ಣ ಕಾಣುವವರೆಗೆ ಉಜ್ಜಿ, ತೊಳೆದು ಒಣಗಿಸಿ, ಮತ್ತೆ ಎಣ್ಣೆ ಹಚ್ಚಿ ಮೊದಲಿನಂತೆ ಎರಡು ಮೂರು ಸಲ ಕಾಯಿಸಿ. ಮರುದಿನ ಅದರಲ್ಲಿ ಮೊದಲು ಒಟ್ಟಿ ಸುಡಿ. ದೋಸೆಗೆ ಇನ್ನೂ ನಾಲ್ಕು ದಿನ ಬಿಡಿ.