ಸರ್ಕಾರಿ ಎಂಜಿನಿಯರ್ ಕೆಲಸದಿಂದ ಸ್ವಂತ ಕನ್ಸಲ್ಟೆನ್ಸಿಗೆ: ನನ್ನ ಅನುಭವ

ರಾಜ್ಯ ಸರ್ಕಾರದ ಕೆಲಸ ಬಿಟ್ಟು ಸ್ಟ್ರಕ್ಚರಲ್ ಡಿಸೈನ್ ಆಫೀಸು ತೆರೆಯಬೇಕು ಅನ್ನುವವರು ಅರ್ಜಿಯಲ್ಲಿ ‘ರಾಜೀನಾಮೆ’ ಎಂದು ಬರೆಯಲೇಬೇಡಿ. ರಾಜೀನಾಮೆ ಅಂಗೀಕಾರವಾದರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಗುತ್ತದೆ, ಅದರ ಜೊತೆ ಪಿಂಚಣಿಯೂ. ಕೆ.ಸಿ.ಎಸ್.ಆರ್. (ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ) 285ನೇ ನಿಯಮದಡಿ 15 ವರ್ಷದ ಅರ್ಹತಾ ಸೇವೆ ಮುಗಿದವರು ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ಪಡೆಯಬಹುದು. 14ನೇ ವರ್ಷದಲ್ಲಿ ಬೇಸರ ಬಂದವರು ಇನ್ನೊಂದು ವರ್ಷ ಹಲ್ಲು ಕಚ್ಚಿ ಕೂರುವುದೇ ವಾಸಿ.

ನೋಟಿಸ್‌ಗೆ ಮುಂಚೆ ನಿಮ್ಮ ಸೇವಾ ದಾಖಲೆಯ ಎಸ್.ಆರ್. ಪುಸ್ತಕವನ್ನು ಪುಟಪುಟ ನೋಡಿ. ವರ್ಗಾವಣೆಯಾದ ಕಡೆಯೆಲ್ಲ ಸೇವಾ ಪರಿಶೀಲನೆಯ ಸಹಿ ಇದೆಯೇ, ಅಸಾಧಾರಣ (ಸಂಬಳವಿಲ್ಲದ) ರಜೆ ಹೇಗೆ ನಮೂದಾಗಿದೆ, ಗಳಿಕೆ ರಜೆ ಲೆಕ್ಕ ಸರಿಯಿದೆಯೇ ಎಂದು ತಾಳೆ ಹಾಕಿ. ಎಂಜಿನಿಯರ್‌ಗಳ ಕಡತ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಕಾಮಗಾರಿಯ ಅಳತೆ ಬರೆಯುವ ಎಂ.ಬಿ. ಪುಸ್ತಕಗಳಲ್ಲಿ. ಹಳೇ ಸಬ್‌ಡಿವಿಜನ್‌ನಲ್ಲಿ ಒಂದು ಎಂ.ಬಿ. ಹಸ್ತಾಂತರವಾಗಿಲ್ಲ ಅಂದರೂ ಬೇಬಾಕಿ ಪತ್ರ ಬರುವುದಿಲ್ಲ. ಹಸ್ತಾಂತರದ ಚಾರ್ಜ್ ಪಟ್ಟಿಯ ಪ್ರತಿಗಳನ್ನು ಸಹಿ ಸಮೇತ ಇಟ್ಟುಕೊಂಡವರು ಬಚಾವು.

ಹೆಂಡತಿ ಹೆಸರಲ್ಲಿ ಸಂಸ್ಥೆ ಮಾಡಿ, ಸೇವೆಯಲ್ಲಿರುವಾಗಲೇ ಡ್ರಾಯಿಂಗ್ ಮಾಡಿಕೊಡುವ ದಾರಿ ಬೇಡ. ಒಂದು ಮೂಗರ್ಜಿ ಸಾಕು. ಇಲಾಖಾ ವಿಚಾರಣೆ ಶುರುವಾದರೆ ಸ್ವಯಂ ನಿವೃತ್ತಿಯೇ ನಿಂತುಹೋಗಬಹುದು.

1-4-2006ರಿಂದೀಚೆಗೆ ಸೇರಿದವರದು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ). 60ಕ್ಕೆ ಮುಂಚೆ ಖಾತೆ ಮುಚ್ಚಿದರೆ, ಸಣ್ಣ ಮೊತ್ತಗಳನ್ನು ಬಿಟ್ಟು, ಶೇ 80 ಭಾಗ ಪಿಂಚಣಿಯಂತೆ ಕಂತಿನಲ್ಲಿ ಹಣ ಕೊಡುವ ಆನ್ಯುಟಿಗೆ ಹೋಗಿ ಕೈಗೆ ಬರುವುದು ಶೇ 20 ಮಾತ್ರ. ಆ ದುಡ್ಡನ್ನು ಬಂಡವಾಳ ಅಂದುಕೊಳ್ಳಬೇಡಿ. ಅದೇ ಪ್ರಾನ್ (ಎನ್‌ಪಿಎಸ್ ಖಾತೆ) ಸಂಖ್ಯೆಯನ್ನು ಖಾಸಗಿ ವಲಯಕ್ಕೆ ಬದಲಾಯಿಸಿ ಮುಂದುವರಿಸಿ.

ಆರೋಗ್ಯ ವಿಮೆಗೆ ಎಲ್ಲಕ್ಕಿಂತ ಹೆಚ್ಚು ಸಮಯ ಬೇಕು. ಬಿಪಿ, ಶುಗರ್ ಇದ್ದರೆ ಪಾಲಿಸಿಯಲ್ಲಿ 36 ತಿಂಗಳವರೆಗೆ ಕಾಯುವ ಅವಧಿ ಇರಬಹುದು. ಆದ್ದರಿಂದ ಸಂಬಳ ಬರುತ್ತಿರುವಾಗಲೇ ಕುಟುಂಬದ ಪಾಲಿಸಿ ಮಾಡಿಸಿ. ಗೃಹಸಾಲವೂ ಅಷ್ಟೆ. ಸಂಬಳ ನಿಂತ ಮೇಲೆ ಬ್ಯಾಂಕಿನವರು ವ್ಯವಹಾರದ ಎರಡು-ಮೂರು ವರ್ಷದ ರಿಟರ್ನ್ ಕೇಳುತ್ತಾರೆ.

ಆಫೀಸು ತೆರೆದ ಮೇಲೆ ಮಾಡಿಸುವ ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ ಉಚಿತ. ‘ಮಾಡಿಸಿಕೊಡುತ್ತೇವೆ’ ಎನ್ನುವವರಿಗೆ ದುಡ್ಡು ಕೊಡುವುದು ದಂಡ. ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು 20 ಲಕ್ಷ ದಾಟಿದಾಗ. ಎಂಜಿನಿಯರ್‌ಗಳು ಆದಾಯದ ಅರ್ಧವನ್ನು ಲಾಭವೆಂದು ತೋರಿಸುವ ಅಂದಾಜು ತೆರಿಗೆ ಪದ್ಧತಿ ಆರಿಸಿಕೊಳ್ಳಬಹುದು. ಆ ಪದ್ಧತಿಯಲ್ಲಿ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರಾಯಿತು. ಸರ್ಕಾರಿ ಟೆಂಡರ್‌ಗೆ ಕೈಹಾಕುವ ಮುನ್ನ, ನಿವೃತ್ತ ಎಂಜಿನಿಯರ್ ಅನುಮತಿಯಿಲ್ಲದೆ ಇಂತಿಷ್ಟು ಕಾಲ ಗುತ್ತಿಗೆ ಹಿಡಿಯುವಂತಿಲ್ಲ ಎಂಬ ಷರತ್ತು ಇದೆಯೇ ಎಂದು ಓದಿ.

ಫೀಸು ವಸೂಲಿ ಬೇರೆಯದೇ ವಿದ್ಯೆ. ಮನೆ ಕಟ್ಟಿಸುವವರು ಫೂಟಿಂಗ್ (ಅಡಿಪಾಯ) ಡ್ರಾಯಿಂಗ್ ಕೈಗೆ ಬಂದ ಮೇಲೆ ಫೋನ್ ಎತ್ತುವುದು ಕಡಿಮೆ ಮಾಡುತ್ತಾರೆ. ಹಾಗಾಗಿ ನಾನು ಶೇ 30 ಮುಂಗಡ, ಫೂಟಿಂಗ್ ಮತ್ತು ಕಾಲಂ ವಿವರ ಕೊಡುವಾಗ 40, ಉಳಿದದ್ದನ್ನು ಮಹಡಿವಾರು ಸ್ಲ್ಯಾಬ್ ಡ್ರಾಯಿಂಗ್ ಕೊಡುವಾಗ ತೆಗೆದುಕೊಳ್ಳುತ್ತೇನೆ. ಎಲ್ಲ ಮಹಡಿಯ ಡ್ರಾಯಿಂಗ್ ಒಟ್ಟಿಗೆ ಕಳಿಸುವುದಿಲ್ಲ.